ದೀಪಸ್ತಂಭದ ಮೆಟ್ಟಿಲು

ಹಂಸಭಾವಿಯ ಹತ್ತಿ ವ್ಯಾಪಾರಿ ಮಹಾಲಿಂಗಪ್ಪ ಪ್ರಾಯದಲ್ಲಿ ಅರಳೆ ಗಾಡಿಗಳ ಜೊತೆ ಕುಮಟೆಗೆ ಹೋದಾಗ, ಅಲ್ಲಿ ಕಡಲ ದಂಡೆಯ ಪುರಾತನ ದೀಪಸ್ತಂಭವನ್ನು ಹತ್ತಿದ್ದ. ಯಾರ ಹಡಗು, ಯಾವ ಜಾತಿ ಎಂದು ಕೇಳದೆ ಬೆಳಕು ಕೊಡುವ ಆ ಮೂಕ ಕಂಬ ಅವನ ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ೧೯೩೮ರಲ್ಲಿ ಬೆಳಗಾವಿಯ ಫ್ರೀಮೇಸನ್ನರ ಸಂಘ ಸೇರಿದ್ದೂ ಅದೇ ಗುಂಗಿನಲ್ಲಿ. ಅಲ್ಲಿ ಎಲ್ಲ ಮತದವರೂ ಅಣ್ಣತಮ್ಮಂದಿರು. ಆದರೆ ಒಳಗೆ ನಡೆದದ್ದನ್ನು ಹೊರಗೆ ಉಸುರುವುದಿಲ್ಲವೆಂದು ಆಣೆ ಇಡಬೇಕು. ಇಟ್ಟ. ಊರಿಗೆ ಬಂದು ಹೊರಕೇರಿಯ ಮಕ್ಕಳನ್ನೂ ಶಾಲೆಗೆ ಸೇರಿಸಿದ. ತಾನೂ ಒಂದು ದೀಪಸ್ತಂಭವಾದೆನೆಂದು ಹಿಗ್ಗಿದ, ಪುಣ್ಯಾತ್ಮ!

ಸಂಘ ಸೇರಿಸಿಕೊಳ್ಳುವ ದಿನ ಮೈಮೇಲೆ ಲೋಹದ ಚೂರೂ ಇರಬಾರದೆಂದು ಅವರು ಹೇಳಿದ್ದರು. ಮಹಾಲಿಂಗಪ್ಪ ಉಂಗುರ ಕಳಚಿದ, ಕೊರಳ ಬೆಳ್ಳಿ ಕರಡಿಗೆಯನ್ನೂ ಕಳಚಿದ. ಅದರೊಳಗಿನ ಇಷ್ಟಲಿಂಗವನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ, ಎಡಗೈ ಮುಷ್ಟಿಯಲ್ಲಿ ಬಿಗಿಹಿಡಿದೇ ಒಳಗೆ ಹೋದ. ಹೊರಗೆ ಪಡಸಾಲೆಯಲ್ಲಿ ಕೂತಿದ್ದ ಜೊತೆಗಾರ ಗುದ್ಲೆಪ್ಪನಿಗೆ ಕಂಡದ್ದು ತಟ್ಟೆಯಲ್ಲಿದ್ದ ಕರಡಿಗೆ ಅಷ್ಟೇ. ಸಾಕಲ್ಲ? ಊರು ಮುಟ್ಟಿದ ಮರುದಿನವೇ ಮಾತು ಮನೆ ಹೊಕ್ಕಿತು.

ಲಿಂಗ ಬಿಟ್ಟವನು ಬದುಕಿದ್ದೂ ಸತ್ತಂತೆ ಎಂದು ನಂಬಿದವಳು ತಾಯಿ ಹೊನ್ನವ್ವ. ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ಮಾಲಿಂಗಾ, ಲಿಂಗ ತಗದಿಟ್ಟಿದ್ಯೇನೊ? ಹೂಂ ಅನ್ನು, ಇಲ್ಲಾಂದ್ರ ಇಲ್ಲ ಅನ್ನು."

"ಒಳಗಿಂದು ಹೇಳಾಂಗಿಲ್ಲವ್ವಾ. ಆಣಿ ಮಾಡೇನಿ."

ಅಲ್ಲ, ಹೆತ್ತವಳಿಗೆ ಒಂದು 'ಇಲ್ಲ' ಅಂದಿದ್ದರೆ ಯಾವ ಆಕಾಶ ಕಳಚಿ ಬೀಳುತ್ತಿತ್ತು? ಆದರೆ ಅವನ ಬಾಯಿಗೆ ಬೀಗ. ದೀಪಸ್ತಂಭ ಮಾತಾಡುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡ. ಅಂದಿನಿಂದ ಹೊನ್ನವ್ವ ಮಗನ ಕೈಯ ನೀರು ಮುಟ್ಟಲಿಲ್ಲ. ಅವಳು ಅಡಿಗೆಮನೆಯಲ್ಲಿ ಅಳುತ್ತಿದ್ದಳು, ಅವನು ಹತ್ತಿ ಅಂಡಿಗೆಗಳ ಮರೆಯಲ್ಲಿ ಅಳುತ್ತಿದ್ದ.

ನಾಲ್ಕಾರು ವರ್ಷ ಹೀಗೇ ಸವೆದು, ಅವಳು ಹಾಸಿಗೆ ಹಿಡಿದಳು. ಕೊನೆಯ ಸಂಜೆ ನೀರು ಬೇಡಿದಳು. ಅವನೇ ಓಡಿ ತಂಬಿಗೆ ತಂದ. ಕೈ ಯಾರದೆಂದು ಕಣ್ಣು ತೆರೆದು ನೋಡಿ, ಹೊನ್ನವ್ವ ಹಲ್ಲು ಕಚ್ಚಿದಳು. ಅವನ ಹೆಂಡತಿ ಸರೋಜವ್ವ ತಂಬಿಗೆ ತೆಗೆದುಕೊಂಡು ಕುಡಿಸಿದಳು. ಮಹಾಲಿಂಗಪ್ಪನಿಗೆ ಆಗ ನೆನಪಾಯಿತು: ಕಡಲಿಗೆಲ್ಲ ಬೆಳಕು ಕೊಡುವ ದೀಪಸ್ತಂಭದಿಂದ ಇಳಿಯುವಾಗ ಅದರದೇ ಮೆಟ್ಟಿಲಲ್ಲಿ ಕಗ್ಗತ್ತಲು, ಕಾವಲಿನವನು ಕಂದೀಲು ಹಿಡಿದು ಮುಂದೆ ಇಳಿದಿದ್ದ. ಅದನ್ನು ಕಂಡೂ ಇವನು ಮರೆತಿದ್ದ.

ಮರುದಿನ ಸಮಾಧಿಯ ಕುಣಿಯಲ್ಲಿ ಅವಳನ್ನು ಕೂಡಿಸಿ, ಎಡಗೈಯಲ್ಲಿ ಅವಳ ಲಿಂಗವಿಟ್ಟು, ಬೆರಳು ಮಡಿಚಲು ಅಯ್ಯನವರು ಮಗನನ್ನು ಕರೆದರು. ಅವನು ಒಂದೊಂದೇ ಬೆರಳು ಮಡಿಚಿ ಮುಷ್ಟಿ ಕಟ್ಟಿದ. ಕಿವಿಯ ಹತ್ತಿರ ಬಾಗಿದ.

"ಹಿಂಗ ಇತ್ತವ್ವಾ, ನನ್ನ ಕೈಯಾಗ. ಬಿಟ್ಟಿರಲಿಲ್ಲ."

ಆಣೆ ಮುರಿಯಿತು. ಬೆರಳು ತಣ್ಣಗೇ ಇದ್ದವು. ಮಣ್ಣು ಹಿಡಿದು ನಿಂತವರು ಅವನು ಮೇಲೆ ಬರಲೆಂದು ಕಾಯುತ್ತಿದ್ದರು.