ತೂಕಕ್ಕಿಟ್ಟ ರಸೀದಿ

"ಕಟ್ಟಿ ಮುಗಿಸಿರೋ ತೆರಿಗೇನ ಅರ್ಧಕ್ಕೆ ಇಳಿಸ್ತಾನಂತೆ. ಎಂಥಾ ಪ್ರಚಂಡನ್ನ ಹಿಡ್ಕೊಂಡು ಬಂದಿದ್ದೀಯೋ. ನನ್ನ ಹಣೆ ಮೇಲೇನು ಪೆದ್ದ ಅಂತ ಬರೆದಿದೆಯಾ?"

"ಭಾವ, ಮೆಲ್ಲಗೆ. ಅವನಿನ್ನೂ ಬೀದೀಲೇ ಇದ್ದಾನೆ."

"ಇರಲಿ. ಕೇಳಿಸ್ಕೊಂಡೇ ಹೋಗಲಿ."

ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಎದ್ದು ಅಂಗಡಿಯ ಕಿಟಕಿ ಮುಚ್ಚಿದ. ಮುಚ್ಚಿದ್ದು ತಪ್ಪಾಯಿತು. ಅವನು ಕರೆತಂದಿದ್ದ ತೆರಿಗೆ ಸಲಹೆಗಾರ ಬಿಟ್ಟುಹೋದ ಅತ್ತರಿನ ವಾಸನೆ ಒಳಗೇ ಉಳಿದು ನನ್ನ ತಲೆ ಸಿಡಿಯತೊಡಗಿತು. ಆ ಮನುಷ್ಯನಿಗೆ ಆಗಲೇ ನಾನು ಸೆಂಟು ಎಂದು ಹೆಸರಿಟ್ಟಾಗಿತ್ತು.

"ಅವನು ನೂರಾರು ಜನರ ಕೇಸು ಬಿಡಿಸಿದ್ದಾನೆ ಭಾವ. ಮುಂಗಡ ಕೇಳಿದ್ದೇ ತಪ್ಪಾ?"

"ಕಾಗದ ಓದದೇ ಮುಂಗಡ ಕೇಳ್ದ. ಖಾಲಿ ಹಾಳೆ ಮೇಲೆ ಸಹಿ ಕೇಳ್ದ. ಕಟ್ಟಿರೋ ವರ್ಷದ್ದನ್ನೂ ಸೇರಿಸಿ ಒಂಬತ್ತು ಲಕ್ಷಾನ ನಾಲ್ಕೂವರೆಗೆ ತರ್ತೀನಿ, ಗ್ಯಾರಂಟಿ ಅಂದ. ಇನ್ನೇನು ಬೇಕು ನಿನಗೆ, ನನ್ನ ಹಲ್ಲೂ ಕಿತ್ತುಕೊಂಡು ಹೋಗಬೇಕಿತ್ತಾ?"

"ಕಟ್ಟಿರೋದು ಅಂತ ನೀವು ಅವನಿಗೆ ಹೇಳಲೇ ಇಲ್ಲವಲ್ಲ."

"ಹೇಳಲಿಲ್ಲ. ಅದೇ ಪರೀಕ್ಷೆ."

ನಾನು ತಕ್ಕಡಿ ರಿಪೇರಿ ಮಾಡುವವನು. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ದಿನಸಿ ಅಂಗಡಿಯ ತಕ್ಕಡಿಯಿಂದ ಹಿಡಿದು ಲಾರಿ ತೂಗುವ ಕಟ್ಟೆಯವರೆಗೆ ಎಲ್ಲ ನೋಡಿದ್ದೇನೆ. ತಕ್ಕಡಿಯ ಹೊಳಪು, ಕಂಪನಿ, ಬೆಲೆ ಯಾವುದನ್ನೂ ನಂಬುವುದಿಲ್ಲ. ಎಷ್ಟಿದೆ ಎಂದು ನನಗೆ ಮೊದಲೇ ಗೊತ್ತಿರುವ ತೂಕದ ಕಲ್ಲನ್ನು ಅದರ ಮೇಲೆ ಇಡುತ್ತೇನೆ. ಅದು ಎಷ್ಟು ತೋರಿಸುತ್ತದೆ ಎಂಬುದರ ಮೇಲೆ ಅದರ ಹಣೆಬರಹ. ಮನುಷ್ಯರಿಗೂ ಅದೇ ಲೆಕ್ಕ ಎಂದುಕೊಂಡೆ. ತೆರಿಗೆ ಕಚೇರಿ ಮೂರು ವರ್ಷದ ಬಾಕಿ ಎಂದು ನೋಟಿಸು ಕಳಿಸಿತ್ತು. ಅದರಲ್ಲಿ ಮೊದಲನೇ ವರ್ಷದ ಒಂದು ಲಕ್ಷ ಎಂಬತ್ತು ಸಾವಿರವನ್ನು ನಾನು ಕಟ್ಟಿದ್ದೆ. ರಸೀದಿ ನನ್ನ ಜೇಬಿನಲ್ಲೇ ಇತ್ತು. ಅದನ್ನು ತೆಗೆದಿಟ್ಟುಕೊಂಡು, ಉಳಿದ ಕಾಗದಗಳನ್ನು ಮಾತ್ರ ಸೆಂಟುವಿನ ಮುಂದೆ ಹಾಕಿದ್ದೆ.

ಉಳಿದೆರಡು ವರ್ಷದ ಬಾಕಿ ನಿಜವೇ. ಮೊದಲನೇ ವರ್ಷದ್ದನ್ನು ಕಟ್ಟಿದ ಮೇಲೂ ಮತ್ತೆ ಕೇಳಿದರಲ್ಲ ಎಂಬ ಸಿಟ್ಟಿಗೆ ಆಮೇಲೆ ಬಂದ ಒಂದು ಲಕೋಟೆಯನ್ನೂ ನಾನು ಒಡೆಯಲಿಲ್ಲ. ಮುರಿದ ಸ್ಪ್ರಿಂಗುಗಳ ಡ್ರಾಯರಿಗೆ ತುರುಕಿದೆ. ತೆರಿಗೆ ಕಟ್ಟುವುದನ್ನೂ ಬಿಟ್ಟೆ. ನನ್ನ ಸಿಟ್ಟಿಗೆ ಅವರು ಬಡ್ಡಿ ಹಾಕಿದರು. ಈಗ ಹದಿನೈದು ದಿನದ ಗಡುವು. ಅಷ್ಟರಲ್ಲಿ ಸರಿಯಾದ ಉತ್ತರ ಹೋಗದಿದ್ದರೆ ಬ್ಯಾಂಕ್ ಖಾತೆಗೆ ತಡೆ, ಅಂಗಡಿಗೆ ಸೀಲು. ಈ ಅಂಗಡಿ ಬಿಟ್ಟರೆ ನನಗೆ ಗೊತ್ತಿರುವುದು ಊಟ ಮತ್ತು ನಿದ್ದೆ.

"ಸರಿ, ಜಗತ್ತಿನ ಸತ್ಯವಂತನ್ನ ನೀವೇ ಹುಡುಕ್ಕೊಳ್ಳಿ," ಎಂದ ಷಡ್ಡಕ. "ಹಾಗೇ ಗಡಿಯಾರಾನೂ ನೋಡ್ತಿರಿ."

ಹುಡುಕಿದ್ದು ನಾನಲ್ಲ, ನನ್ನ ಹೆಂಡತಿ. ಎದುರಿನ ಔಷಧಿ ಅಂಗಡಿಯವನಿಗೆ ಹಿಂದೆ ಇಂಥದೇ ತೊಂದರೆ ಬಂದಾಗ ಒಬ್ಬ ಆಡಿಟರಮ್ಮ ಬಿಡಿಸಿದ್ದರಂತೆ. ಮೂರನೆಯ ದಿನ ಇಬ್ಬರೂ ಹೋದೆವು. ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆ. ಗೋಡೆಯಲ್ಲಿ ಚೌಕಟ್ಟು ಹಾಕಿದ ಲೈಸೆನ್ಸು, ಕಪಾಟಿನಲ್ಲಿ ದಾರ ಕಟ್ಟಿದ ಫೈಲುಗಳು, ಒಂದು ಕಾಲು ಕುಂಟುವ ಮೇಜು. ಆಡಿಟರಮ್ಮನಿಗೆ ಐವತ್ತರ ಮೇಲಿರಬೇಕು. ಕೂರಿ ಎಂದು ಹೇಳಿದ್ದು ಬಿಟ್ಟರೆ ಉಪಚಾರದ ಮಾತೇ ಇಲ್ಲ.

"ಎಷ್ಟು ಕಡಿಮೆ ಮಾಡಿಸ್ತೀರಿ?" ಎಂದೆ.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಓದದೇ ಹೇಳೋಕೆ ನಾನು ಕಣಿ ಹೇಳೋಳಲ್ಲ. ಕಡಿಮೆ ಆಗದೇನೂ ಇರಬಹುದು. ಬರೀ ಕಂತು ಸಿಗಬಹುದು. ಕಾಗದ ಕೊಡಿ."

ಮುಕ್ಕಾಲು ಗಂಟೆ ಓದಿದರು. ಪೆನ್ಸಿಲ್ ಹಿಡಿದು ಬ್ಯಾಂಕ್ ಪುಸ್ತಕವನ್ನು ಸಾಲು ಸಾಲಾಗಿ ನೋಡಿದರು. ಆಮೇಲೆ ಒಂದು ಸಾಲಿನ ಮೇಲೆ ಪೆನ್ಸಿಲ್ ನಿಂತಿತು.

"ಮೊದಲನೇ ವರ್ಷದ್ದು ನೀವು ಕಟ್ಟಿದ್ದೀರಿ ಅಲ್ವಾ? ಅಷ್ಟೇ ಮೊತ್ತ ಹೋಗಿದೆ, ಅದೇ ತಿಂಗಳು. ಅವರ ಲೆಕ್ಕಕ್ಕೆ ಸೇರಿಲ್ಲ ಅನ್ನಿಸುತ್ತೆ. ರಸೀದಿ ಎಲ್ಲಿ?"

ಕಲ್ಲಿಟ್ಟ ಕೂಡಲೇ ಮುಳ್ಳು ಸರಿಯಾದ ಗೆರೆಯ ಮೇಲೆ ಬಂದು ನಿಂತಂತಾಯಿತು. ಪಕ್ಕದಲ್ಲಿ ಹೆಂಡತಿ ನನ್ನ ಮೊಣಕೈಗೆ ಮೆಲ್ಲಗೆ ತಿವಿದಳು.

"ಕಳೆದುಹೋಗಿದೆ," ಎಂದೆ.

ಅವರು ತಮ್ಮ ಫೀಸು ಎಷ್ಟು, ಯಾವ ಕೆಲಸಕ್ಕೆ, ಯಾವಾಗ ಕೊಡಬೇಕು ಎಂದು ಹಾಳೆಯ ಮೇಲೆ ಬರೆದು ಕೊಟ್ಟರು. ನಾನು ಧಾರಾಳಿಯಾಗಿ, ಬೇಕಾದ್ದು ಬರ್ಕೊಳ್ಳಿ ಎಂದು ಇನ್ನೊಂದು ಖಾಲಿ ಹಾಳೆಗೂ ಸಹಿ ಹಾಕಲು ಹೋದೆ. ಅದನ್ನು ಎಳೆದುಕೊಂಡುಬಿಟ್ಟರು.

"ಖಾಲಿ ಹಾಳೆಗೆ ಯಾರಿಗೂ ಸಹಿ ಹಾಕಬೇಡಿ. ನನಗೂ."

ಬೀದಿಗೆ ಇಳಿದದ್ದೇ ಹೆಂಡತಿ ಶುರು ಮಾಡಿದಳು. "ಜೇಬಲ್ಲಿರೋದನ್ನ ಕೊಡೋಕೇನಾಗಿತ್ತು ನಿಮಗೆ?"

"ಕಲ್ಲನ್ನ ನಡುವೆ ಇಟ್ಟಾಗ ಸರಿ ತೋರಿಸಿದ ಮಾತ್ರಕ್ಕೆ ತಕ್ಕಡಿ ಪಾಸಾಗಲ್ಲ ಕಣೇ. ನಾಲ್ಕು ಮೂಲೇಲೂ ಇಟ್ಟು ನೋಡಬೇಕು. ರಸೀದಿ ಇಲ್ಲ ಅಂದ್ಮೇಲೆ ಕೈ ಬಿಡ್ತಾರೋ, ಜಾಸ್ತಿ ದುಡ್ಡು ಕೇಳ್ತಾರೋ, ಯಾರಿಗಾದ್ರೂ ಲಂಚ ಕೊಡಿ ಅಂತಾರೋ, ಗೊತ್ತಾಗಬೇಡವಾ?"

"ಅವರು ಮನುಷ್ಯರು ರೀ."

"ಅದಕ್ಕೇ ಭಯ."

ಆರನೆಯ ದಿನ ಆಡಿಟರಮ್ಮನ ಫೋನು ಬಂತು. ಹಿಂದೆ ಜನಜಂಗುಳಿಯ ಗದ್ದಲ. "ಇನ್ನೊಂದು ಸಲ ಕೇಳ್ತಿದ್ದೀನಿ. ರಸೀದಿ ಎಲ್ಲೂ ಇಲ್ಲವಾ? ಸರಿಯಾಗಿ ಹುಡುಕಿದ್ರಾ?"

ಹೆಂಡತಿ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನ ಬಾಯನ್ನೇ ನೋಡಿದಳು. ಒಂದು ಮಾತು ಸಾಕಿತ್ತು.

"ಹುಡುಕಿದೆ. ಇಲ್ಲ."

ಎಂಟನೆಯ ದಿನ ಮಧ್ಯಾಹ್ನ ಅವರೇ ಅಂಗಡಿಗೆ ಬಂದರು. ಚಪ್ಪಲಿಯ ಮೇಲೆಲ್ಲ ಧೂಳು. ನಾನು ಬಿಚ್ಚಿಟ್ಟಿದ್ದ ತಕ್ಕಡಿಗಳ ನಡುವೆ ಒಂದು ಸ್ಟೂಲು ಎಳೆದುಕೊಂಡು ಕುಳಿತು, ಹೆಂಡತಿ ಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದರು.

"ಸಿಕ್ತು," ಎಂದರು. "ನಿಮ್ಮ ದುಡ್ಡು ಬೇರೆ ಯಾರದೋ ತೆರಿಗೆ ನಂಬರಿಗೆ ಹೋಗಿ ಕೂತಿತ್ತು. ಬ್ಯಾಂಕಲ್ಲಿ ಒಂದು ದಿನ, ಅವರ ಕಚೇರಿ ಸಾಲಲ್ಲಿ ನಿಂತು ಎರಡು ದಿನ. ಮೊದಲನೇ ವರ್ಷ ತೆಗೀತಾರೆ, ಅದರ ಬಡ್ಡೀನೂ ಹೋಗುತ್ತೆ. ಉಳಿದಿದ್ದಕ್ಕೆ ಕಂತು ಕೇಳಿದ್ದೀನಿ. ನಾಳೆ ಹತ್ತು ಗಂಟೆಗೆ ಅಧಿಕಾರಿ ಕರೆದಿದ್ದಾರೆ. ಅಂಗಡಿ ಉಳಿಯುತ್ತೆ ಅನ್ನಿಸುತ್ತೆ."

ಇಷ್ಟು ದಿನದಲ್ಲಿ ಅವರ ಬಾಯಿಂದ ಬಂದ ಮೊದಲ ಸಿಹಿ ಮಾತು ಅದು. ನನಗೆ ಖುಷಿ ತಡೆಯಲಾಗಲಿಲ್ಲ. ಜೇಬಿಗೆ ಕೈ ಹಾಕಿ ರಸೀದಿಯನ್ನು ಅವರ ಮುಂದೆ ಹಿಡಿದೆ.

"ಪಾಸಾದ್ರಿ ನೀವು," ಎಂದೆ.

ಅವರು ರಸೀದಿ ಓದಿದರು. ಹಿಂದೆ ತಿರುಗಿಸಿದರು. ಮತ್ತೆ ಮುಂದೆ.

"ಇದು ಯಾವಾಗ ಸಿಕ್ತು?"

ನಿನ್ನೆ ಸಿಕ್ಕಿತು ಎನ್ನಬಹುದಿತ್ತು. ಹೆಂಡತಿ ಹಾಗೇ ಹೇಳಿ ಎಂಬಂತೆ ನನ್ನತ್ತ ನೋಡುತ್ತಿದ್ದಳು. ಆದರೆ ನನ್ನ ಪರೀಕ್ಷೆಯ ಬಗ್ಗೆ ನನಗೆ ಹೆಮ್ಮೆ.

"ಮೊದಲಿಂದಲೂ ಜೇಬಲ್ಲೇ ಇತ್ತು. ಒಬ್ಬ ಕಳ್ಳ ಬಂದು ಹೋಗಿದ್ದ, ಅದಕ್ಕೆ ನಿಮ್ಮನ್ನೂ ತೂಗಿ ನೋಡಿದೆ. ಬೇಜಾರು ಮಾಡ್ಕೋಬೇಡಿ, ನಮ್ಮ ಕೆಲಸಾನೇ ಹಂಗೆ."

ಆಡಿಟರಮ್ಮ ರಸೀದಿಯನ್ನು ಮೇಜಿನ ಮೇಲಿಟ್ಟರು. ದನಿ ಏರಲಿಲ್ಲ. "ಮೊನ್ನೆ ಅಧಿಕಾರಿ ಮುಂದೆ ನಾನು ಬರೆದು ಕೊಟ್ಟಿದ್ದೀನಿ. ರಸೀದಿ ಕಳೆದಿದೆ, ನಾನು ಎರಡು ಸಲ ವಿಚಾರಿಸಿ ಖಚಿತ ಮಾಡ್ಕೊಂಡಿದ್ದೀನಿ ಅಂತ. ಕೆಳಗೆ ಸಹಿ ನನ್ನದು."

"ಅದಕ್ಕೇನಂತೆ. ಈಗ ಸಿಕ್ತು ಅನ್ನಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಯ್ತಲ್ಲ."

"ಅಯ್ಯೋ, ಒಂದು ತುಂಡು ಕಾಗದಕ್ಕೆ ಇಷ್ಟೊಂದಾ?"

"ಇಪ್ಪತ್ತಾರು ವರ್ಷದಿಂದ ನಾನು ಬರೆದು ಕೊಟ್ಟಿದ್ದನ್ನ ಅವರು ಮರುಪ್ರಶ್ನೆ ಮಾಡದೆ ತಗೋತಾರೆ. ನಿಮ್ಮ ದುಡ್ಡು ಹುಡುಕಿಕೊಟ್ಟಿದ್ದೂ ಅದರಿಂದಲೇ." ಚೀಲ ತೆಗೆದುಕೊಂಡು ಎದ್ದರು. "ನಾಳೆ ಬೆಳಿಗ್ಗೆ ನಾನು ಹೋಗಿ ಆ ಕಾಗದ ತಪ್ಪು ಅಂತ ಹೇಳ್ತೀನಿ, ನಿಮ್ಮ ಕೇಸಿಂದ ನನ್ನ ಹೆಸರು ತೆಗೆಸ್ತೀನಿ. ಫೀಸು ಬೇಡ."

"ಕಂತಿನ ಗತಿ?" ಎಂದಳು ಹೆಂಡತಿ.

"ರಸೀದಿ ಇದೆಯಲ್ಲಮ್ಮ, ಅಧಿಕಾರಿಗೆ ಇವರೇ ತೋರಿಸ್ಲಿ. ಯಾಕೆ ಮುಚ್ಚಿಟ್ರಿ ಅಂತ ಕೇಳ್ತಾರೆ, ಅದನ್ನೂ ಹೇಳ್ಲಿ."

ಆಗಲಾದರೂ ತಪ್ಪಾಯಿತು ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ನನ್ನ ಬಾಯಿಂದ ಹೊರಬಿದ್ದದ್ದು ಬೇರೆ.

"ಹೋಗಿ, ಹೋಗಿ. ಊರಲ್ಲಿ ನೀವೊಬ್ಬರೇ ಏನು ಓದಿರೋದು?"

ಅವರು ಬಿಚ್ಚಿಟ್ಟ ತಕ್ಕಡಿಗಳನ್ನು ತುಳಿಯದಂತೆ ಎಚ್ಚರದಿಂದ ಕಾಲಿಡುತ್ತಾ ಬಾಗಿಲು ದಾಟಿದರು. ಹೆಂಡತಿ ಹಿಂದೆಯೇ ಓಡಿದಳು. ಬೀದಿಯ ತಿರುವಿನವರೆಗೂ ಅವಳು ಕೈ ಆಡಿಸುತ್ತಾ ಏನೋ ಹೇಳುತ್ತಿದ್ದದ್ದು, ಅವರು ಇಲ್ಲವೆಂದು ತಲೆ ಆಡಿಸುತ್ತಾ ನಡೆಯುತ್ತಲೇ ಇದ್ದದ್ದು ನನಗೆ ಕಾಣುತ್ತಿತ್ತು. ತಿರುವಿನಿಂದ ಹೆಂಡತಿಯೊಬ್ಬಳೇ ಹಿಂದಿರುಗಿದಳು. ಗಡುವಿಗೆ ಇನ್ನೂ ಏಳು ದಿನವಿತ್ತು. ಏಳು ದಿನವೂ ಫೋನು ಮಾಡಿದೆ. ಆಡಿಟರಮ್ಮ ಮತ್ತೆ ಬರಲಿಲ್ಲ.