ಇಪ್ಪತ್ತೊಂದನೇ ಕಿಟಕಿಯ ಅಳತೆ

ಇಪ್ಪತ್ತನೇ ಕಿಟಕಿಯಿಂದ ಅರ್ಧ ಮೈ ಹೊರಚಾಚಿ, ಟೇಪಿನ ತುದಿಯನ್ನು ಗೋಡೆಯ ಹೊರಮೂಲೆಗೆ ಒತ್ತಿ ಹಿಡಿದಿದ್ದಾಗ ಪಕ್ಕದ ಕಿಟಕಿಯಲ್ಲಿ ಯಾರೋ ಕೆಮ್ಮಿದರು. ಟೇಪಕ್ಕನ ಕೈ ಸಡಿಲಾಯಿತು. ಟೇಪು ಸರ್ರನೆ ಡಬ್ಬಿಯೊಳಕ್ಕೆ ಓಡಿತು.

“ಬಿದ್ದು ಸಾಯಲೇಬೇಕು ಅಂತಿದ್ರೆ ಆರನೇ ಸಾಲಿಗೆ ಹೋಗು ತಾಯಿ. ಇಲ್ಲಿಂದ ಬಿದ್ರೆ ಬರೀ ಕಾಲು ಮುರಿಯುತ್ತೆ,” ಎಂದಿತು ಪಕ್ಕದ ಕಿಟಕಿ.

ಆ ದನಿಯನ್ನು ಟೇಪಕ್ಕ ಮೂವತ್ತಮೂರು ವರ್ಷ ಕೇಳಿರಲಿಲ್ಲ. ಆದರೂ ಗುರುತು ಹತ್ತಿತು. ಕಟ್ಟಡದಲ್ಲಿ ನರಪಿಳ್ಳೆಯೂ ಇಲ್ಲ ಎಂದು ಕಂಪನಿಯ ಮ್ಯಾನೇಜರ್ ಹೇಳಿದ್ದ. ಅದನ್ನು ನಂಬಿಯೇ ಅವಳು ಒಂದನೇ ಕಿಟಕಿಯಿಂದ ಶುರುಮಾಡಿದ್ದಳು. ನಂಬದೆಯೂ ಇರಬಹುದು. ಇಪ್ಪತ್ತೊಂದು ಹತ್ತಿರವಾದಂತೆಲ್ಲ ಬೆಳಗಿನಿಂದ ಅವಳ ಕೈ ನಿಧಾನವಾಗುತ್ತಾ ಬಂದಿತ್ತು.

ಸೊಂಟದಲ್ಲಿ ಸದಾ ಉಕ್ಕಿನ ಟೇಪು ಸಿಕ್ಕಿಸಿಕೊಂಡಿರುತ್ತಾಳೆಂದು ಅವಳಿಗೆ ಆ ಹೆಸರು. ಕಿಟಕಿಗಳ ಸುತ್ತ ಬಣ್ಣ ಬದಲಿಸುವ ದೀಪದ ಪಟ್ಟಿ ಅಂಟಿಸುವುದು ಅವಳ ಕಸುಬು. ಅಂಟಿಸುವುದೇನು, ಯಾರು ಬೇಕಾದರೂ ಅಂಟಿಸಿಯಾರು. ಅದಕ್ಕೆ ಮೊದಲು ಕಾಗದದ ಮೇಲೆ ಇಡೀ ಗೋಡೆಯನ್ನು ಬರೆದು, ಒಂದೊಂದು ಬಲ್ಬಿಗೂ ನಂಬರು ಕೊಟ್ಟು, ಯಾವುದು ಯಾವಾಗ ನೀಲಿಯಾಗಬೇಕು, ಯಾವುದು ಯಾವಾಗ ಆರಬೇಕು ಎಂದು ಕಂಪ್ಯೂಟರಿಗೆ ಕಲಿಸಬೇಕು. ಅದು ಅವಳ ಕೈಗುಣ. ಅಳತೆಯಲ್ಲಂತೂ ಅವಳು ಕೂದಲಷ್ಟೂ ತಪ್ಪಿದವಳಲ್ಲ. ಪರದೆಗೆ ಒಳಗಿನ ಅಳತೆ, ದೀಪಕ್ಕೆ ಹೊರಗಿನ ಅಳತೆ ಎಂದು ಕೆಲಸ ಕಲಿಯಲು ಬಂದವರಿಗೆಲ್ಲ ಮಂತ್ರದ ಹಾಗೆ ಹೇಳಿಕೊಡುತ್ತಿದ್ದಳು. ಈ ಹಳೆಯ ದಪ್ಪ ಗೋಡೆಗಳಲ್ಲಿ ಕಿಟಕಿ ಒಳಗೆ ಕಿರಿದು, ಹೊರಗೆ ಅಗಲ. ನಾಲ್ಕು ಕಡೆಯೂ ನಾಲ್ಕು ನಾಲ್ಕು ಬೆರಳು ವ್ಯತ್ಯಾಸ.

ಮಿಲ್ಲಿನ ಕ್ವಾರ್ಟರ್ಸು ಅದು. ಆರು ಸಾಲು, ಸಾಲಿಗೆ ಎಂಟರಂತೆ ನಲವತ್ತೆಂಟು ಕಿಟಕಿ. ಮಿಲ್ಲು ಮುಚ್ಚಿ, ನೋಟೀಸು ಅಂಟಿಸಿ, ನೀರು ನಿಲ್ಲಿಸಿ, ಒಂದೊಂದೇ ಸಂಸಾರವನ್ನು ಹಲ್ಲು ಕೀಳುವ ಹಾಗೆ ಕಿತ್ತು ಹಾಕಿದ್ದ ಕಂಪನಿ ಈಗ ಕಟ್ಟಡವನ್ನು ಮಾರಲು ಹೊರಟಿತ್ತು. ಕೊಳ್ಳುವವರು ಮುಂದಿನ ವಾರ ಒಂದು ಮುಸ್ಸಂಜೆಗೆ ಬರುವವರಿದ್ದರು. ಅವರ ಕಣ್ಣಿಗೆ ಹಬ್ಬವಾಗಬೇಕಿತ್ತು. ಮನುಷ್ಯರು ಬದುಕಿದ್ದಾಗ ಮೆಟ್ಟಿಲಿಗೆ ಒಂದು ಬಲ್ಬು ಹಾಕಿಸಿಕೊಡದ ಕಂಪನಿ, ಮನುಷ್ಯರು ಹೋದ ಮೇಲೆ ಕಿಟಕಿಗೆ ಮುನ್ನೂರು ಹಾಕಿಸುತ್ತಿತ್ತು.

“ಬಾಬಿನ್ ಚಿಕ್ಕಮ್ಮ,” ಎಂದಳು ಟೇಪಕ್ಕ. ಮಿಲ್ಲಿನಲ್ಲಿ ನೂಲಿನ ಉರುಳೆ ಸುತ್ತುತ್ತಿದ್ದವಳಿಗೆ ಸಾಲಿನ ಮಕ್ಕಳೆಲ್ಲ ಇಟ್ಟಿದ್ದ ಹೆಸರು ಅದು.

ಪಕ್ಕದ ಕಿಟಕಿಯಿಂದ ಒಂದು ಮುಖ ಹೊರಬಂತು. ನರೆತ ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ. “ಹಾಗಂತ ಕರೆಯೋರೆಲ್ಲ ಊರು ಬಿಟ್ರು ಇಲ್ಲ ಲೋಕ ಬಿಟ್ರು. ನೀನು ಯಾವಳೇ?”

“ಎರಡನೇ ಸಾಲು. ಹತ್ತನೇ ಕಿಟಕಿ. ಫಿಟ್ಟರ್ ಮಗಳು.”

ಮುಖ ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿತು. ಆಮೇಲೆ, “ಬಾಗಿಲು ತೆಗ್ದಿದೆ, ಬಾ. ಕಿಟಕಿಯಿಂದ ಬರಬೇಡ ಮತ್ತೆ,” ಎಂದಿತು.

ಒಳಗೆ ಒಂದು ಮಂಚ, ಒಂದು ಸ್ಟವ್, ಗೋಡೆಯುದ್ದಕ್ಕೂ ನೀರು ತುಂಬಿಸಿಟ್ಟ ಹದಿನಾಲ್ಕು ಬಿಂದಿಗೆ, ಡಬ್ಬ, ಬಕೆಟ್ಟು. ಕಿಟಕಿಯ ಪಕ್ಕ ಗೇಣುದ್ದದ ವೈರಿಗೆ ನೇತುಬಿದ್ದ ಒಂದು ಹಳದಿ ಬಲ್ಬು. ಅದರ ಕೆಳಗೆ ಅಂಗಿಗಳ ರಾಶಿ. ಚಿಕ್ಕಮ್ಮ ಗುಂಡಿ ಹೊಲಿಯುತ್ತಿದ್ದಳು. ಟೇಪಕ್ಕ ಬಲ್ಬನ್ನೇ ನೋಡಿದಳು.

“ಏನೇ, ಬಲ್ಬು ನೋಡೇ ಇಲ್ವಾ? ದೀಪ ಅಂಟಿಸೋಕೆ ಬಂದೋಳು ಅಂತ ಕೆಳಗೆ ಮಾತಾಡೋದು ಕೇಳಿಸ್ತು.”

“ಅದೇ ಜಾಗದಲ್ಲಿದೆ.”

“ಇನ್ನೆಲ್ಲಿರುತ್ತೆ? ಕಂಪನಿ ಅವತ್ತು ವೈರು ಕೊಟ್ಟಿದ್ದೇ ಅಷ್ಟುದ್ದ.”

ಟೇಪಕ್ಕ ಕೂತಳು. ಯಾರಿಗೂ ಹೇಳದ ಮಾತು ಅದು. ಹೇಳಲು ಯಾರಿದ್ದರು? ಅಪ್ಪ ಹೋದ, ಅಮ್ಮ ಹೋದಳು. ಬಾಡಿಗೆ ಕೋಣೆಗೆ ಒಂದು ಕಿಟಕಿಯಿದೆ, ಅದರೆದುರು ಇನ್ನೊಬ್ಬರ ಗೋಡೆ. ಊರವರ ಕಿಟಕಿಗಳನ್ನೆಲ್ಲ ಸಿಂಗರಿಸುವವಳು ತನ್ನದಕ್ಕೆ ಒಂದು ಪಟ್ಟಿ ಅಂಟಿಸಿಕೊಂಡಿರಲಿಲ್ಲ, ಯಾರು ನೋಡಬೇಕು?

“ಮುಷ್ಕರದ ವರ್ಷ ನಮ್ಮನ್ನ ಹೊರಗೆ ಹಾಕಿದ್ರಲ್ಲ ಚಿಕ್ಕಮ್ಮ. ಅಪ್ಪನ ಹೆಸರೇ ಮೊದಲನೇ ಪಟ್ಟೀಲಿತ್ತು. ಸಾಮಾನೆಲ್ಲ ಅಂಗಳಕ್ಕೆ ಎಸೆದ್ರು. ನಾನು ಟ್ರಂಕಿನ ಮೇಲೆ ಕೂತಿದ್ದೆ, ಒಂಬತ್ತು ವರ್ಷ ನಂಗೆ. ಮೇಲೆ ನೋಡ್ತಾ ಇದ್ದ ಹಾಗೇ ಕಿಟಕಿಗಳು ಒಂದೊಂದೇ ಮುಚ್ಕೊಂಡ್ವು. ದೀಪಾನೂ ಆರಿಸಿಬಿಟ್ರು, ಮನೇಲಿ ಯಾರೂ ಇಲ್ಲವೇನೋ ಅನ್ನೋ ಹಾಗೆ. ಕೊನೆಗೆ ಒಂದೇ ಒಂದು ಉಳೀತು. ಇದು. ಇದೇ ಬಲ್ಬು. ಅದನ್ನ ನೋಡ್ಕೊಂಡೇ ಗಾಡಿ ಹತ್ತಿದ್ದು ನಾನು. ನೀವೊಬ್ರು ನಮ್ಮ ಜೊತೆ ನಿಂತ್ರಿ ಅಂತ.”

ಚಿಕ್ಕಮ್ಮ ದಾರವನ್ನು ಹಲ್ಲಿನಲ್ಲಿ ಕಡಿದಳು. ಗುಂಡಿಯನ್ನು ಬೆರಳಿನಿಂದ ಎಳೆದು ಗಟ್ಟಿಯಿದೆಯಾ ನೋಡಿದಳು. ಇನ್ನೊಂದು ಅಂಗಿ ತೆಗೆದುಕೊಂಡಳು, ಮತ್ತೆ ಕೆಳಗಿಟ್ಟಳು.

“ಮಗಾ, ಅವತ್ತು ನಾನು ಮನೇಲೇ ಇರ್ಲಿಲ್ಲ.”

ಟೇಪಕ್ಕ ನೋಡಿದಳು.

“ಅಕ್ಕನ ಮಗುಗೆ ಜ್ವರ ಅಂತ ಬೆಳಗಾಗೋ ಮುಂಚೆ ಎದ್ದು ಹೋದೋಳು, ಬಂದಿದ್ದು ಮಾರನೇ ದಿನ. ಲೈಟು ಆರ್ಸೋದು ಮರೆತಿದ್ದೆ.” ಆಮೇಲೆ ತಡೆದು ತಡೆದು ಹೇಳಿದಳು: “ಇದ್ದಿದ್ರೆ ನಾನೂ ಮುಚ್ಚಿಕೊಳ್ತಿದ್ದೆ ಕಣೇ. ಸುಳ್ಳು ಯಾಕೆ ಹೇಳ್ಲಿ? ಎರಡನೇ ಪಟ್ಟೀಲಿ ನನ್ನ ಹೆಸರು ಬಂದೀತು ಅಂತ ಎಲ್ರಿಗಿಂತ ಮೊದಲು ಮುಚ್ಚಿಕೊಳ್ತಿದ್ದೆ.”

ಕೆಳಗೆ ಅಂಗಳದಲ್ಲಿ ಯಾವುದೋ ಲಾರಿ ಹಿಂದಕ್ಕೆ ಬರುತ್ತಾ ಕೂಗುತ್ತಿತ್ತು. ಟೇಪಕ್ಕ ಎದ್ದಳು. ಬೇರೇನೂ ತೋಚದೆ ಕಿಟಕಿಯನ್ನು ಅಳೆದಳು. ಒಳಗೆ ಮೂರಡಿ, ನಾಲ್ಕಡಿ. ಹೊರಗೆ ಮೂರೂವರೆ, ನಾಲ್ಕೂವರೆ. ಎರಡನ್ನೂ ಬರೆದುಕೊಂಡಳು.

ಬಾಗಿಲ ಬಳಿ ತಿರುಗಿ ಕೇಳಿದಳು: “ಈಗ ಯಾಕೆ ಹೋಗ್ಲಿಲ್ಲ, ಎಲ್ರೂ ಹೋದ್ರಲ್ಲ?”

“ಎಲ್ಲಿಗೆ ಹೋಗ್ಲಿ? ಕೇಸು ನಡೀತಿದೆ, ತೀರ್ಪಾಗೋ ತನಕ ಅಲ್ಲಾಡಿಸೋ ಹಾಗಿಲ್ಲ ಅಂತ ಲಾಯರು ಹೇಳ್ತಾನೆ. ಆದ್ರೆ ಮಾರಿಬಿಟ್ರೆ ತೀರ್ಪನ್ನ ಯಾರ ಮುಖಕ್ಕೆ ಹಿಡೀಲಿ? ಒಳಗೊಬ್ಬಳಿದಾಳೆ ಅಂತ ಗೊತ್ತಾದ್ರೆ ಕೊಳ್ಳೋರು ಓಡಿಹೋಗ್ತಾರೆ, ಅದಕ್ಕೇ ನನ್ನನ್ನ ಬಚ್ಚಿಡ್ತಿದ್ದಾರೆ.” ಚಿಕ್ಕಮ್ಮ ಸೂಜಿಗೆ ದಾರ ಪೋಣಿಸಲು ಬಲ್ಬಿನ ಹತ್ತಿರಕ್ಕೆ ಬಾಗಿದಳು. “ನಾಯಿ ಕೂಡ ಬರಲ್ಲ ಈಗ ಮೇಲಕ್ಕೆ. ಬಿಂದಿಗೆ ಜೊತೆ ಮಾತಾಡ್ತೀನಿ. ಅವೂ ಅರ್ಧ ಖಾಲಿಯಾದ್ರೇನೇ ಸದ್ದು ಮಾಡೋದು.”

ಮ್ಯಾನೇಜರ್ ಮೆತ್ತಗೆ ಮಾತಾಡುವವನು. ಒರಟು ಮಾತಿಗಾದರೆ ಉತ್ತರ ಕೊಡಬಹುದು, ಈ ಮೆತ್ತನೆಯದಕ್ಕೆ ಏನು ಕೊಡುವುದು?

“ಇಪ್ಪತ್ತೊಂದರಲ್ಲಿ ಒಬ್ಬರಿದ್ದಾರೆ,” ಎಂದಳು ಟೇಪಕ್ಕ, ಕೆಳಗಿಳಿದು ಬಂದು ನಕ್ಷೆಯನ್ನು ಅವನ ಮುಂದೆ ಬಿಚ್ಚಿ.

“ಇಲ್ಲ ಅಂತ್ಲೇ ಲೆಕ್ಕ, ಮೇಡಂ.” ಅವನು ಅವಳ ನಕ್ಷೆಯ ಮೇಲೆ ಪೆನ್ನಿನ ಹಿಂಭಾಗವನ್ನು ಆಡಿಸಿದ. “ನಿಮ್ಮ ಅಲೆ ತುಂಬ ಚೆನ್ನಾಗಿದೆ. ನೀಲಿ ಒಂದು ಕಡೆಯಿಂದ ಉರುಳಿಕೊಂಡು ಬರೋದು, ಆಮೇಲೆ ಹಸಿರು. ಮಧ್ಯೆ ಒಂದು ಹತ್ತು ಸೆಕೆಂಡು ಪೂರ್ತಿ ಕತ್ತಲೆ ಇಡಿ. ಬಂದವರು ಉಸಿರು ಹಿಡಿದು ನಿಲ್ಲಬೇಕು. ಆಮೇಲೆ ಎಲ್ಲಾ ಒಟ್ಟಿಗೆ ಬೆಳ್ಳಗೆ. ಆದ್ರೆ ಆ ಹತ್ತು ಸೆಕೆಂಡಲ್ಲಿ ಇಪ್ಪತ್ತೊಂದರಲ್ಲಿ ಹಳದಿ ಕಾಣಿಸಿದ್ರೆ ಹೇಗಿರುತ್ತೆ ಹೇಳಿ? ಹಾಲಲ್ಲಿ ನೊಣ.”

“ಆರಿಸಿ ಅಂತ ನೀವೇ ಕೇಳಿ.”

“ಕೇಳಿದ್ರೆ ಇದ್ದಾರೆ ಅಂತ ಒಪ್ಪಿಕೊಂಡ ಹಾಗಾಗುತ್ತೆ.” ಅವನು ನಕ್ಕ. “ಮರದ ಚೌಕಟ್ಟಿಗೆ ದಪ್ಪ ಕಪ್ಪು ಬಟ್ಟೆ ಬಿಗಿದು ಹೊರಗಿನಿಂದ ಕೂರಿಸಿಬಿಡೋಣ. ಸುತ್ತ ನಿಮ್ಮ ದೀಪ ಇದ್ದೇ ಇರುತ್ತಲ್ಲ, ಉಳಿದ ಖಾಲಿ ಕಿಟಕಿಗಳ ಹಾಗೇ ಕಾಣಿಸುತ್ತೆ. ಬಡಗಿಗೆ ಅಳತೆ ಕೊಡಿ, ಸಾಕು. ಕಂಪನಿದು ಇಂಥವು ಇನ್ನೂ ಏಳು ಕಟ್ಟಡ ಇವೆ, ನಿಮ್ಮಂಥವರೇ ಬೇಕು ನಮಗೆ.”

ಮೂಗಿಗೆ ತುಪ್ಪ ಸವರುವುದೆಂದರೆ ಇದು. ಟೇಪಕ್ಕ ನಕ್ಷೆಯನ್ನು ಸುತ್ತಿಕೊಂಡು ತನ್ನ ಕೋಣೆಗೆ ಬಂದಳು. ಮೇಜಿನ ಮೇಲೆ ಹರಡಿದಳು. ಹದಿನಾಲ್ಕು ಸಾವಿರದ ನಾನೂರು ಬಲ್ಬು, ಒಂದೊಂದಕ್ಕೂ ಅವಳೇ ಕೊಟ್ಟ ನಂಬರು. ಒಂದರ ಸುದ್ದಿ ಇನ್ನೊಂದಕ್ಕೆ ದಾಟಬೇಕು, ಒಂದರ ಕೈಯಿಂದ ಇನ್ನೊಂದರ ಕೈಗೆ. ನಡುವೆ ಒಂದು ಸತ್ತರೆ ಮುಂದಿನವೆಲ್ಲ ಕತ್ತಲೆ. ಮೂವತ್ತಮೂರು ವರ್ಷದ ಹಿಂದೆ ಟ್ರಂಕಿನ ಮೇಲೆ ಕೂತ ಹುಡುಗಿಗೆ ಒಂದು ಬಲ್ಬು ಕೊಟ್ಟ ಸುದ್ದಿ ಅಲ್ಲಿಂದ ಇಲ್ಲಿಯವರೆಗೆ ದಾಟಿಕೊಂಡು ಬಂದಿತ್ತು. ಕಳಿಸಿದವರು ಮಾತ್ರ ಯಾರೂ ಇರಲಿಲ್ಲ.

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಚಿಕ್ಕಮ್ಮನ ಮೇಲೆ ಮೊದಲು, ಆಮೇಲೆ ಮುಚ್ಚಿಕೊಂಡ ನಲವತ್ತಾರು ಕಿಟಕಿಗಳ ಮೇಲೆ. ಅಲ್ಲಿಗೂ ನಿಲ್ಲಲಿಲ್ಲ. ಅಷ್ಟು ಮನೆಗಳ ಕೈಯಲ್ಲಿ ಒಂದೇ ಸಂಜೆ ಕಿಟಕಿ ಮುಚ್ಚಿಸಿದ ಆ ಪಟ್ಟಿಯ ಮೇಲೆ, ಪಟ್ಟಿ ಬರೆದ ಕೈಯ ಮೇಲೆ. ಆ ಕೈ ಈಗ ಬಡಗಿಗೆ ಅಳತೆ ಕೇಳುತ್ತಿತ್ತು.

ಚೀಟಿ ತೆಗೆದುಕೊಂಡಳು. ‘ಕಪ್ಪು ಚೌಕಟ್ಟು, ಒಂದು’ ಎಂದು ಬರೆದಳು. ಪುಸ್ತಕದಲ್ಲಿ ಎರಡು ಅಳತೆಗಳೂ ಒಂದರ ಕೆಳಗೊಂದಿದ್ದವು. ಪೆನ್ಸಿಲ್ಲು ಸ್ವಲ್ಪ ಹೊತ್ತು ಕಾಗದದ ಮೇಲೆ ನಿಂತಿತು. ಆಮೇಲೆ ಅಂದವಾಗಿ, ಯಾರೂ ಓದಲು ತಡವರಿಸದ ಹಾಗೆ ಬರೆದಳು: ಅಗಲ ಮೂರಡಿ, ಎತ್ತರ ನಾಲ್ಕಡಿ.

ಕೊಳ್ಳುವವರು ಬರುವ ದಿನ ಮಧ್ಯಾಹ್ನ, ಗೋಡೆಗೆ ಕಟ್ಟಿದ್ದ ಅಟ್ಟಣಿಗೆಯ ಮೇಲೆ ನಿಂತು ಚೌಕಟ್ಟನ್ನು ಅವಳೇ ಕೂರಿಸಿದಳು. ಮೇಲೊಂದು ಕೆಳಗೊಂದು ಕಬ್ಬಿಣದ ಪಟ್ಟಿ, ನಾಲ್ಕು ಸ್ಕ್ರೂ. ಒಳಗಿನಿಂದ ಚಿಕ್ಕಮ್ಮನ ದನಿ ಬಂತು.

“ಬದುಕಿರೋಳ ಮುಖಕ್ಕೇ ಮುಸುಕು ಹಾಕ್ತಿದ್ದೀಯಲ್ಲೇ. ಫಿಟ್ಟರ್ ಮಗಳು ಅಂದೆ, ಒಳಗೆ ಕರೆದೆ. ಅವತ್ತು ನಿಜ ಹೇಳಿದ್ದಕ್ಕೆ ಸೇಡಾ?”

ಕೆಳಗೆ ಮ್ಯಾನೇಜರ್ ತಲೆಯೆತ್ತಿ ನೋಡುತ್ತಿದ್ದ. ಅಲ್ಲಿಂದ ನೋಡಿದರೆ, ಹಗಲಲ್ಲಿ, ಕಪ್ಪಿನ ಸುತ್ತ ಇದ್ದದ್ದು ಬರೀ ನೆರಳು. ಟೇಪಕ್ಕ ಕೊನೆಯ ಸ್ಕ್ರೂ ತಿರುಗಿಸುತ್ತಾ ತುಟಿ ಅಲ್ಲಾಡಿಸದೆ ಹೇಳಿದಳು: “ಚಿಕ್ಕಮ್ಮ, ಇವತ್ತು ಲೈಟು ಆರಿಸ್ಬೇಡಿ.”

ಚೌಕಟ್ಟಿನ ಪಕ್ಕದ ಸಂದಿಯಿಂದ ನಾಲ್ಕು ಬೆರಳು ಹೊರಗೆ ಬಂದವು. ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳು. ಗೋಡೆಯ ಅಂಚನ್ನು ಮುಟ್ಟಿ, ಅಂಟಿಸಿದ್ದ ದೀಪದ ಪಟ್ಟಿಯನ್ನು ಮುಟ್ಟಿ, ಅಳೆಯುವ ಹಾಗೆ ಮೇಲಿನಿಂದ ಕೆಳಗೆ ಸವರಿ ಒಳಗೆ ಹೋದವು.

“ಗಾಳಿ ಬರುತ್ತೆ ಬಿಡು,” ಎಂದಳು ಚಿಕ್ಕಮ್ಮ.

ಮುಸ್ಸಂಜೆಗೆ ಕಾರುಗಳು ಬಂದವು. ಅಂಗಳದಲ್ಲಿ, ಹಿಂದೊಮ್ಮೆ ಟ್ರಂಕು ಇಟ್ಟಿದ್ದ ಜಾಗದಲ್ಲೇ ಕುರ್ಚಿಗಳು. ಟೇಪಕ್ಕ ಹಿಂದುಗಡೆ ಕಂಪ್ಯೂಟರಿನ ಮುಂದೆ ನಿಂತು ಗುಂಡಿ ಒತ್ತಿದಳು. ನೀಲಿ ಅಲೆ ಒಂದನೇ ಕಿಟಕಿಯಿಂದ ಎದ್ದು ಸಾಲು ಸಾಲು ಹತ್ತಿತು. ಕುರ್ಚಿಗಳಲ್ಲಿ “ಆಹಾ” ಎದ್ದಿತು. ನೀಲಿಯ ಬೆನ್ನಿಗೆ ಹಸಿರು, ಹಸಿರಿನ ಬೆನ್ನಿಗೆ ನೇರಳೆ. ಅಷ್ಟು ಚಂದದ ಕೆಲಸವನ್ನು ಅವಳು ಎಂದೂ ಮಾಡಿರಲಿಲ್ಲ.

ಆಮೇಲೆ ಎಲ್ಲವೂ ಆರಿತು.

ಕತ್ತಲ ಗೋಡೆಯ ಮೇಲೆ, ಮೂರನೇ ಸಾಲಿನಲ್ಲಿ, ನಾಲ್ಕು ಬೆರಳಗಲದ ಹಳದಿ ಗೆರೆಯೊಂದು ಚೌಕವಾಗಿ ನಿಂತಿತ್ತು. ನಡುವೆ ಕಪ್ಪು. ಒಂದು ಸೆಕೆಂಡು, ಎರಡು, ಮೂರು.

“ಆ ಕಿಟಕಿಗೆ ಯಾಕೆ ಬೇರೆ ಬಣ್ಣ?” ಎಂದರು ಕುರ್ಚಿಯಲ್ಲಿದ್ದ ಒಬ್ಬರು. ಅವರ ಪಕ್ಕದ ಹೆಂಗಸು, “ಬೇರೆ ಬಣ್ಣ ಅಲ್ಲ ರೀ, ಒಳಗೆ ಲೈಟಿದೆ,” ಎಂದಳು.

ಮ್ಯಾನೇಜರ್ ಹಿಂದಕ್ಕೆ ಬಂದು ಅವಳ ಕಿವಿಯ ಹತ್ತಿರ ಬಾಗಿದ. ದನಿ ಈಗಲೂ ಮೆತ್ತಗಿತ್ತು, ಕೈ ಮಾತ್ರ ಮೇಜಿನಂಚನ್ನು ಬಿಗಿಯಾಗಿ ಹಿಡಿದಿತ್ತು. “ಅಳತೆ ತಪ್ಪಿದ್ರಾ?”

“ನಾಲ್ಕು ಬೆರಳು,” ಎಂದಳು ಟೇಪಕ್ಕ. ಟೇಪನ್ನು ಸೊಂಟದಿಂದ ತೆಗೆದು ಮೇಜಿನ ಮೇಲಿಟ್ಟಳು.

ಮೇಲೆ, ಹಳದಿ ಗೆರೆಯ ಎಡಬದಿ ಕ್ಷಣ ಕಪ್ಪಾಗಿ ಮತ್ತೆ ಬೆಳಗಿತು. ಆಮೇಲೆ ಬಲಬದಿ. ಒಳಗೆ ಯಾರೋ ಎದ್ದು ಕಿಟಕಿಯ ಮುಂದೆ ಓಡಾಡುತ್ತಿದ್ದರು.