ಕಳೆದ ಸೋಮವಾರದ ತಾರೀಕು

ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ನಾನು ಗುಮಾಸ್ತ. ನನ್ನ ನಾದಿನಿ, ಅಂದರೆ ಹೆಂಡತಿಯ ತಂಗಿ, ಅಲ್ಲೇ ಇಸ್ತ್ರಿ ವಿಭಾಗದಲ್ಲಿದ್ದಳು. ಕೆಲಸಕ್ಕೆ ಸೇರಿಸಿದವನು ನಾನೇ. ಆ ಕೆಲಸ ಕಳೆದವನೂ ನಾನೇ ಎಂದು ಹೇಳಿಕೊಳ್ಳಲು ಈಗಲೂ ನಾಲಿಗೆ ತಡವರಿಸುತ್ತದೆ.

ಇಸ್ತ್ರಿ ಯಂತ್ರದಲ್ಲಿ ಕೈ ಸುಡದಂತೆ ಅಡ್ಡವಿದ್ದ ತಗಡು ಕಳಚಿ ಒಬ್ಬಳ ಬೆರಳು ಸುಟ್ಟಿತ್ತು. ತಪಾಸಣೆಗೆ ಬಂದವರ ಮುಂದೆ ನಾದಿನಿ ಅದನ್ನು ಹೇಳಿಬಿಟ್ಟಳು. ಮುಂದಿನ ಸೋಮವಾರ ಮ್ಯಾನೇಜರ್ ನನ್ನನ್ನು ಕರೆದು, ಇವತ್ತೇ ಅವಳನ್ನು ಮನೆಗೆ ಕಳಿಸು ಎಂದರು. ಗುರುವಾರಕ್ಕೆ ಅವಳಿಗೆ ಒಂದು ವರ್ಷ ತುಂಬುತ್ತಿತ್ತು. ವರ್ಷ ತುಂಬಿದವರು ಮಾತ್ರ ಅನ್ಯಾಯವಾಗಿ ತೆಗೆದರೆಂದು ದೂರು ಕೊಡಬಹುದು. ಅಷ್ಟು ಅವರಿಗೂ ಗೊತ್ತಿತ್ತು.

ನಾನು ತೆಪ್ಪಗಿದ್ದಿದ್ದರೆ ಸಾಕಿತ್ತು. ಆದರೆ ಕಾನೂನು ಬಲ್ಲವನೆಂಬ ಜಂಬ ಬಿಡಬೇಕಲ್ಲ. ನೋಟಿಸ್ ಇಲ್ಲದೆ ಕಳಿಸಿದರೆ, ಕೊಡಬೇಕಿದ್ದ ಒಂದು ವಾರವನ್ನೂ ಸೇವೆಗೆ ಸೇರಿಸಿ ಎಣಿಸುತ್ತಾರೆ, ಆಗ ವರ್ಷ ತುಂಬಿಬಿಡುತ್ತದೆ ಎಂದೆ. ಕಳೆದ ಸೋಮವಾರವೇ ನೋಟಿಸ್ ಕೊಟ್ಟಿದ್ದರೆ ಇವತ್ತಿಗೆ ಆ ವಾರ ಮುಗಿಯುತ್ತಿತ್ತು ಎಂದೂ ಹೇಳಿದೆ. ಮ್ಯಾನೇಜರ್ ನಕ್ಕರು.

"ಹಾಗಾದ್ರೆ ಕಳೆದ ಸೋಮವಾರಾನೇ ಕೊಟ್ಟಿದೀವಿ. ತಾರೀಕು ಹಾಕು."

ಹಾಕಿದೆ. ನನ್ನ ಕುರ್ಚಿ ನನಗೆ ದೊಡ್ಡದಾಗಿತ್ತು.

ಇಸ್ತ್ರಿ ವಿಭಾಗದಲ್ಲಿ ಆವಿಗೆ ಕನ್ನಡಕ ಮಸುಕಾಗುತ್ತದೆಂದು, ನಾದಿನಿಯೂ ಸೇರಿ ಕನ್ನಡಕದವರೆಲ್ಲ ಅದನ್ನು ತೆಗೆದಿಟ್ಟೇ ದುಡಿಯುತ್ತಾರೆ. ನಾನು ರಜಾ ಅರ್ಜಿ, ಅದೂ ಇದೂ ಹಿಡಿದು ಹೋದರೆ ಬೆರಳು ತೋರಿಸಿದ ಕಡೆ ಸಹಿ ಬೀಳುತ್ತದೆ. ನಾದಿನಿಯಂತೂ ಏನು ಎತ್ತ ಎಂದು ಕೇಳುವವಳಲ್ಲ. ಅಂದು ಎರಡು ಕಾಗದ ಇಟ್ಟೆ. ಎರಡಕ್ಕೂ ಸಹಿ ಹಾಕಿ, ನಮ್ಮ ಮಗು ಈಗ ಸರಿಯಾಗಿ ಊಟ ಮಾಡುತ್ತಿದೆಯೇ ಎಂದು ವಿಚಾರಿಸಿದಳು. ಸಂಜೆ ಮ್ಯಾನೇಜರ್ ಅವಳಿಗೆ ನಾಳೆಯಿಂದ ಬರಬೇಡ ಎಂದರು.

ಭಾನುವಾರ ಅವಳು ನಮ್ಮ ಮನೆಗೆ ಬಂದಳು. ಕಾರ್ಮಿಕ ಸಂಘದವರು ಅವಳಿಗೆ ದೂರಿನ ಖಾಲಿ ಅರ್ಜಿ ಕೊಟ್ಟಿದ್ದರಂತೆ. ಜೊತೆಗೆ ಲಾಂಡ್ರಿ ಕಳಿಸಿದ ನೋಟಿಸಿನ ಪ್ರತಿಯನ್ನೂ ಮೇಜಿನ ಮೇಲೆ ಹರಡಿದಳು. ಮುಖದಲ್ಲಿ ಗೆಲುವೇ ಇತ್ತು.

"ಒಂದು ವಾರ ಮುಂಚೇನೇ ನಾನು ಇದನ್ನ ತಗೊಂಡೆ ಅಂತ ಬರೆದಿದಾರೆ. ಆ ಸೋಮವಾರ ನಾನು ಇಲ್ಲೇ ಇದ್ನಲ್ಲ ಭಾವ, ಮಗೂಗೆ ಜ್ವರ ಅಂತ? ಯಾರೋ ನನ್ನ ಸಹಿ ಹಾಕ್ಕೊಂಡಿದಾರೆ. ನೀವು ಬಂದು ಒಂದು ಮಾತು ಹೇಳಿದ್ರೆ ಸಾಕು."

ಅಂದು ನಾನೂ ಹೆಂಡತಿಯೂ ಕೆಲಸಕ್ಕೆ ಹೋಗಿದ್ದೆವು. ಇಡೀ ದಿನ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಇವಳು. ನಾನು ಸಹಿ ಹಾಕಿಸಿಕೊಂಡ ಇನ್ನೊಂದು ಕಾಗದ ಆ ದಿನದ ರಜಾ ಅರ್ಜಿಯೇ. ಎರಡೂ ನನ್ನ ಫೈಲಿನಲ್ಲಿ ಒಂದರ ಮೇಲೊಂದು ಕೂತಿದ್ದವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಬೇರೆ ಯಾರೂ ಅಲ್ಲಮ್ಮ," ಎಂದೆ. "ಸಹಿ ನಿಂದೇ. ಹಾಕಿಸ್ಕೊಂಡಿದ್ದು ನಾನು. ತಾರೀಕೂ ನಾನೇ ಹಾಕಿದ್ದು."

ಬೈದಿದ್ದರೆ ಸ್ವಲ್ಪ ಹಗುರಾಗುತ್ತಿದ್ದೆನೇನೋ. ಅವಳು ಬೈಯಲಿಲ್ಲ. ಮಗು ಬಂದು ಅವಳ ತೊಡೆಯೇರಿತು, ಅದರ ತಲೆ ಸವರುತ್ತಾ ಕೂತಳು. ಆಮೇಲೆ ಅರ್ಜಿಯನ್ನು ನನ್ನ ಕಡೆ ಸರಿಸಿ, ಹೇಳಿದ್ದನ್ನೆಲ್ಲ ಬರೆದುಕೊಡುತ್ತೀರಾ ಎಂದು ಕೇಳಿದಳು.

ಬರೆದೆ. ಮ್ಯಾನೇಜರ್ ನಕ್ಕಿದ್ದನ್ನು, ರಜಾ ಅರ್ಜಿ ಯಾವ ಫೈಲಿನಲ್ಲಿದೆ ಎನ್ನುವುದನ್ನು, ಎಲ್ಲವನ್ನೂ ಬರೆದೆ. ಕುರ್ಚಿ ಹೋಗುತ್ತದೆಂದು ಗೊತ್ತಿತ್ತು. ಮುಗಿಸಿ ಕಾಗದವನ್ನು ಅವಳತ್ತ ತಿರುಗಿಸಿ, ಅಭ್ಯಾಸದಂತೆ ಸಹಿಯ ಜಾಗದ ಮೇಲೆ ಬೆರಳಿಟ್ಟೆ.

ಅವಳು ನನ್ನ ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಚೀಲದಿಂದ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಹಾಕಿಕೊಂಡು, ಮೊದಲ ಸಾಲಿನಿಂದ ಓದತೊಡಗಿದಳು.